ಮುರಿದ ಕಾಲಿನ ಅರ್ಥಶಾಸ್ತ್ರ: ಬಡ ದೇಶಗಳಲ್ಲಿ ಅಗ್ಗದ ಚಿಕಿತ್ಸೆ ದುಬಾರಿಯಾಗುವ ಬಗೆ

ಆಗ್ನೇಯ ಆಫ್ರಿಕಾದ ಮಲಾವಿ ದೇಶದಲ್ಲಿ ಬೈಕ್ ಟ್ಯಾಕ್ಸಿ ಓಡಿಸುವ ಯುವಕನೊಬ್ಬ ಬಿದ್ದು ತೊಡೆಮೂಳೆ ಮುರಿದುಕೊಂಡರೆ ಅವನ ಮುಂದಿನ ಬದುಕು ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಅವನು ಯಾವ ಆಸ್ಪತ್ರೆಯ ಬಾಗಿಲು ತಲುಪುತ್ತಾನೆ ಎಂಬುದರ ಮೇಲೆ ನಿಂತಿರುತ್ತದೆ. ಬ್ಲಾಂಟೈರ್ ಅಥವಾ ಲಿಲಾಂಗ್ವೆಯ ಕೇಂದ್ರ ಆಸ್ಪತ್ರೆಗೆ ತಲುಪಿ, ಅಲ್ಲಿ ಆಪರೇಷನ್ ಥಿಯೇಟರಿನಲ್ಲಿ ಸರದಿ ಸಿಕ್ಕಿದರೆ, ಮೂಳೆಯ ಒಳಗೆ ಉಕ್ಕಿನ ರಾಡ್ ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಊರುಗೋಲಿನ ಮೇಲೆ ಎದ್ದು ನಿಲ್ಲಬಹುದು. ಜಿಲ್ಲಾ ಆಸ್ಪತ್ರೆಯಲ್ಲೇ ಉಳಿದರೆ, ಮೊಣಕಾಲಿನ ಕೆಳಗೆ ಮೂಳೆಗೆ ಅಡ್ಡಲಾಗಿ ಪಿನ್ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲಿಂದ ಭಾರ ಇಳಿಬಿಟ್ಟು, ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಬೆನ್ನ ಮೇಲೆ ಮಲಗಿರಬೇಕಾಗುತ್ತದೆ.

ಈ ಎರಡನೆಯ ಚಿಕಿತ್ಸೆಗೆ ಟ್ರ್ಯಾಕ್ಷನ್ ಎಂದು ಹೆಸರು. ನಮ್ಮಲ್ಲಿ ಅರವತ್ತು ದಾಟಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಲಿಗೆ ಇಟ್ಟಿಗೆ ನೇತುಹಾಕಿ ಮಲಗಿಸಿದ್ದ ನೆಂಟರನ್ನೋ ನೆರೆಯವರನ್ನೋ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಬಂದ ನೆನಪು ಅವರಲ್ಲಿ ಅನೇಕರಿಗೆ ಇರುತ್ತದೆ. ಶ್ರೀಮಂತ ದೇಶಗಳು ವಯಸ್ಕರ ತೊಡೆಮೂಳೆಗೆ ಈ ವಿಧಾನವನ್ನು ದಶಕಗಳ ಹಿಂದೆಯೇ ಬಹುತೇಕ ಕೈಬಿಟ್ಟವು, ಭಾರತದ ನಗರಗಳು ಆಮೇಲೆ ಅದೇ ದಾರಿ ಹಿಡಿದವು. ಆಫ್ರಿಕಾದ ಸಹಾರಾದಿಂದ ದಕ್ಷಿಣಕ್ಕಿರುವ ಹಲವು ದೇಶಗಳ ಜಿಲ್ಲಾ ಆಸ್ಪತ್ರೆಗಳಲ್ಲಿ ಮಾತ್ರ ಅದೇ ಇಂದಿಗೂ ಮುಖ್ಯ ಚಿಕಿತ್ಸೆ. ಶಸ್ತ್ರಚಿಕಿತ್ಸೆ ದುಬಾರಿ, ಟ್ರ್ಯಾಕ್ಷನ್ ಅಗ್ಗ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ಲೆಕ್ಕ ಹಾಕಿ ನೋಡಿದರೆ ಈ ಸಮರ್ಥನೆ ನಿಲ್ಲುವುದಿಲ್ಲ. ಟ್ರ್ಯಾಕ್ಷನ್‌ನಿಂದ ಖರ್ಚು ಕಡಿಮೆಯಾಗುವುದಿಲ್ಲ, ಆಸ್ಪತ್ರೆಯ ಖಾತೆಯಿಂದ ಹೊರಟು ರೋಗಿಯ ಮನೆಯ ಖಾತೆಗೆ ಹೋಗಿ ಸೇರುತ್ತದೆ. ಅಲ್ಲಿ ಅದನ್ನು ಯಾರೂ ಬರೆದಿಡುವುದಿಲ್ಲ.

ಸಮಸ್ಯೆಯ ಗಾತ್ರವನ್ನು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ, ಅದರಲ್ಲಿ ನೂರಕ್ಕೆ 92ರಷ್ಟು ಸಾವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಸಂಭವಿಸುತ್ತದೆ. 2010ರಿಂದ 2021ರ ನಡುವೆ ಜಗತ್ತಿನ ಒಟ್ಟು ಸಾವಿನ ಸಂಖ್ಯೆ ಸ್ವಲ್ಪ ಇಳಿದರೆ, ಆಫ್ರಿಕಾ ವಲಯದಲ್ಲಿ ಅದು ಶೇ. 17ರಷ್ಟು ಏರಿತು. ಸತ್ತವರ ಲೆಕ್ಕವಾದರೂ ಸಿಗುತ್ತದೆ. ಬದುಕಿ ಉಳಿದ ಗಾಯಾಳುಗಳ ಸಂಖ್ಯೆ ವರ್ಷಕ್ಕೆ ಎರಡು ಕೋಟಿಯಿಂದ ಐದು ಕೋಟಿಯವರೆಗೆ ಇರಬಹುದು ಎಂದು ಅದೇ ಸಂಸ್ಥೆ ಹೇಳುತ್ತದೆ, ಮತ್ತು ಆ ಎರಡು ಅಂಕಿಗಳ ನಡುವಿನ ಅಂತರವೇ ಗಾಯಾಳುಗಳನ್ನು ಎಣಿಸುವುದರಲ್ಲಿ ನಮಗಿರುವ ಉದಾಸೀನವನ್ನು ಸಾಕಷ್ಟು ಹೇಳುತ್ತದೆ. ಮಲಾವಿಯಲ್ಲಿ ಕಬಾಜಾ ಎಂದೂ ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ ಬೋಡಾಬೋಡಾ ಎಂದೂ ಕರೆಯುವ ಬೈಕ್ ಟ್ಯಾಕ್ಸಿಗಳು ಕಳೆದ ಎರಡು ದಶಕಗಳಲ್ಲಿ ಹಬ್ಬಿದ ವೇಗಕ್ಕೆ ರಸ್ತೆಗಳಾಗಲಿ ಆಸ್ಪತ್ರೆಗಳಾಗಲಿ ಸಜ್ಜಾಗಿರಲಿಲ್ಲ. ಈ ಬೈಕುಗಳಲ್ಲಿ ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್‌ನಂಥ ಭಾರತೀಯ ಮಾದರಿಗಳ ಪಾಲು ದೊಡ್ಡದು. ಕಾರಿನಲ್ಲಿ ಕುಳಿತವನಿಗೆ ಲೋಹದ ಕವಚವಿದೆ. ಬೈಕಿನ ಮೇಲೆ ಕುಳಿತವನ ಕಾಲು ಎದುರಿನ ವಾಹನಕ್ಕೂ ನೆಲಕ್ಕೂ ನೇರವಾಗಿ ಸಿಗುತ್ತದೆ. ಈ ದೇಶಗಳ ಮೂಳೆ ವಾರ್ಡುಗಳಲ್ಲಿ ದುಡಿಯುವ ವಯಸ್ಸಿನ ಗಂಡಸರೇ ತುಂಬಿರುವುದಕ್ಕೆ ಇದು ಮುಖ್ಯ ಕಾರಣ.

ತೊಡೆಮೂಳೆ ದೇಹದ ಅತ್ಯಂತ ಉದ್ದದ, ಅತ್ಯಂತ ಗಟ್ಟಿಯ ಮೂಳೆ. ಅದು ಮುರಿದಾಗ, ಚರ್ಮ ಹರಿಯದಿದ್ದರೂ, ತೊಡೆಯೊಳಗೇ ಒಂದು ಒಂದೂವರೆ ಲೀಟರ್ ರಕ್ತ ಸೋರಿಹೋಗಬಹುದು. ಸುತ್ತಲಿನ ಬಲವಾದ ಸ್ನಾಯುಗಳು ಸೆಳೆತಕ್ಕೆ ಸಿಕ್ಕಿ ಮುರಿದ ತುಂಡುಗಳನ್ನು ಒಂದರ ಮೇಲೊಂದು ಏರಿಸಿಬಿಡುತ್ತವೆ, ಕಾಲು ಗಿಡ್ಡವಾಗುತ್ತದೆ. ಆ ಸೆಳೆತಕ್ಕೆ ಎದುರಾಗಿ ಎಳೆದು ಹಿಡಿಯುವುದು ಟ್ರ್ಯಾಕ್ಷನ್‌ನ ತತ್ತ್ವ. ತತ್ತ್ವದಲ್ಲಿ ದೋಷವಿಲ್ಲ, ಮಕ್ಕಳ ಮೂಳೆ ಬೇಗ ಕೂಡಿಕೊಳ್ಳುವುದರಿಂದ ಅವರಿಗೆ ಈಗಲೂ ಅದು ಒಳ್ಳೆಯ ಚಿಕಿತ್ಸೆಯೇ. ವಯಸ್ಕರಲ್ಲಿ ತೊಂದರೆ ಹುಟ್ಟುವುದು ಕಾಲಾವಧಿಯಿಂದ. ವಾರಗಟ್ಟಲೆ ಅಲುಗಾಡದೆ ಮಲಗಿದ ದೇಹದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ, ಪಿನ್ ಹಾಕಿದ ಜಾಗದಲ್ಲಿ ಕೀವು ಕಟ್ಟುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಾಗಿದರೆ ಜೀವವೇ ಹೋಗುತ್ತದೆ, ಮೊಣಕಾಲು ಮಡಚಲಾಗದಷ್ಟು ಬಿಗಿಯುತ್ತದೆ. ಎಲ್ಲ ಸರಿಹೋದರೂ ಮೂಳೆ ಸೊಟ್ಟಗೆ ಕೂಡಬಹುದು, ಎರಡು ಮೂರು ಸೆಂಟಿಮೀಟರ್ ಗಿಡ್ಡವಾಗಬಹುದು, ಅಥವಾ ಕೂಡದೆಯೇ ಉಳಿಯಬಹುದು. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕಾದವನಿಗೆ, ನೂರು ಕಿಲೋ ಮೂಟೆ ಹೊರಬೇಕಾದವನಿಗೆ ಬಿಗಿದ ಮೊಣಕಾಲು ಎಂದರೆ ಕಸುಬು ಹೋದಂತೆಯೇ ಲೆಕ್ಕ.

ಮೂಳೆಯ ಒಳಗಿನ ಟೊಳ್ಳಿನಲ್ಲಿ ರಾಡ್ ತೂರಿಸುವ ವಿಧಾನ ಹೊಸದೇನಲ್ಲ. ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕ್ಯುಂಟ್ಷರ್ ಎರಡನೆಯ ಮಹಾಯುದ್ಧದ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದ. ಸೆರೆಯಿಂದ ಬಿಡುಗಡೆಯಾಗಿ ಬಂದ ಅಮೆರಿಕದ ಸೈನಿಕರ ಎಕ್ಸ್‌ರೇಯಲ್ಲಿ ತೊಡೆಯ ಉದ್ದಕ್ಕೂ ಲೋಹದ ಸರಳನ್ನು ಕಂಡು ಅಲ್ಲಿನ ವೈದ್ಯರು ಬೆರಗಾದರು ಎಂಬ ಪ್ರಸಂಗ ಮೂಳೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧ. ರಾಡಿನ ಎರಡೂ ತುದಿಗಳಲ್ಲಿ ಅಡ್ಡ ಸ್ಕ್ರೂ ಹಾಕಿ ಬಿಗಿಯುವ ಸುಧಾರಣೆ ಆಮೇಲೆ ಬಂತು. ಅದರಿಂದ ಮೂಳೆ ಗಿಡ್ಡವಾಗುವುದಾಗಲಿ ತಿರುಚಿಕೊಳ್ಳುವುದಾಗಲಿ ನಿಂತಿತು.

ಈಗ ಖರ್ಚಿನ ಮಾತು. ಕಾಂಬೋಡಿಯಾದ ಪ್ರಾಂತೀಯ ಆಸ್ಪತ್ರೆಯೊಂದರಲ್ಲಿ ಟ್ರ್ಯಾಕ್ಷನ್‌ನಿಂದ ರಾಡಿಗೆ ಬದಲಾದ ಹೊತ್ತಿನ ಲೆಕ್ಕವನ್ನು ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಟ್ರ್ಯಾಕ್ಷನ್ ಪಡೆದ ರೋಗಿಯೊಬ್ಬನಿಗೆ ತಗಲಿದ ಸರಾಸರಿ ವೆಚ್ಚ ಸುಮಾರು 1,107 ಡಾಲರ್, ರಾಡ್ ಹಾಕಿಸಿಕೊಂಡವನಿಗೆ ತಗಲಿದ್ದು ಸುಮಾರು 888 ಡಾಲರ್. ಶಸ್ತ್ರಚಿಕಿತ್ಸೆಯೇ ಅಗ್ಗವಾಗಿತ್ತು, ಫಲಿತಾಂಶವೂ ಅದರದೇ ಉತ್ತಮವಾಗಿತ್ತು. ಇದರಲ್ಲಿ ಸೋಜಿಗವೇನೂ ಇಲ್ಲ. ಆಸ್ಪತ್ರೆಯ ಒಂದು ಮಂಚ, ಅದನ್ನು ನೋಡಿಕೊಳ್ಳುವ ದಾದಿ, ಊಟ, ಔಷಧ, ಹುಣ್ಣಿನ ಆರೈಕೆ ಇವೆಲ್ಲಕ್ಕೂ ದಿನದ ಬೆಲೆಯಿದೆ, ಅದನ್ನು ಐವತ್ತು ಅರವತ್ತು ದಿನಗಳಿಂದ ಗುಣಿಸಿದರೆ ರಾಡಿನ ಬೆಲೆಯನ್ನು ದಾಟುವುದು ಸಹಜ. ಆದರೆ ರಾಡ್ ಕೊಳ್ಳಲು ಖರೀದಿ ಆದೇಶ ಬೇಕು, ಅದು ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಕಣ್ಣಿಗೆ ಬೀಳುತ್ತದೆ. ಮಂಚ ಹೇಗೂ ಅಲ್ಲೇ ಇದೆ, ದಾದಿಯ ಸಂಬಳ ಹೇಗೂ ಹೋಗುತ್ತದೆ, ಹಾಗಾಗಿ ಟ್ರ್ಯಾಕ್ಷನ್ ಪುಕ್ಕಟೆ ಎಂದು ಆಡಳಿತಕ್ಕೆ ತೋರುತ್ತದೆ. ಆ ಮಂಚ ಸಿಗದೆ ನೆಲದ ಮೇಲೆ ಮಲಗಿದ ಮುಂದಿನ ರೋಗಿಯ ಕಷ್ಟಕ್ಕೆ ಯಾವ ಕಡತದಲ್ಲೂ ಅಂಕಣವಿಲ್ಲ.

ಕುಟುಂಬದ ಲೆಕ್ಕ ಇನ್ನೂ ಕಠಿಣ. ಮಲಾವಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಹಣ ಕೇಳುವುದಿಲ್ಲ. ಆದರೆ ನಮ್ಮಲ್ಲಿಯಂತೆ ಅಲ್ಲಿಯೂ ರೋಗಿಯ ಜೊತೆಗೆ ಮನೆಯವರೊಬ್ಬರು ಇರಲೇಬೇಕು, ಊಟ ತರುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು, ಮಲಮೂತ್ರದ ವ್ಯವಸ್ಥೆ ನೋಡುವುದು ಅವರ ಪಾಲಿಗೇ ಬರುತ್ತದೆ. ಮನೆಯಲ್ಲಿ ದುಡಿಯುವ ಗಂಡಸು ಎರಡು ತಿಂಗಳು ಮಂಚ ಹಿಡಿದರೆ, ಅವನ ಹೆಂಡತಿಯೋ ತಾಯಿಯೋ ಅಷ್ಟೇ ಕಾಲ ಆಸ್ಪತ್ರೆಯ ಅಂಗಳದಲ್ಲಿ ಅಡುಗೆ ಮಾಡಿಕೊಂಡಿರಬೇಕು. ಬಿತ್ತನೆಯ ಕಾಲವಾದರೆ ಆ ವರ್ಷದ ಮೆಕ್ಕೆಜೋಳದ ಬೆಳೆಯೂ ಹೋಯಿತು. ಜಾಗತಿಕ ಶಸ್ತ್ರಚಿಕಿತ್ಸೆಯ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2015ರಲ್ಲಿ ಇದೇ ಸತ್ಯವನ್ನು ದೊಡ್ಡ ಪ್ರಮಾಣದಲ್ಲಿ ಹೇಳಿತು. ಶಸ್ತ್ರಚಿಕಿತ್ಸೆಯ ಶುಲ್ಕ ಕಟ್ಟಿ ವರ್ಷಕ್ಕೆ 3.3 ಕೋಟಿ ಜನ ತಮ್ಮ ಶಕ್ತಿ ಮೀರಿದ ಖರ್ಚಿಗೆ ಸಿಲುಕುತ್ತಾರೆ ಎಂದೂ, ಪ್ರಯಾಣ, ಊಟ, ವಸತಿಯಂಥ ಚಿಕಿತ್ಸೆಯೇತರ ಖರ್ಚಿನಿಂದ ಇನ್ನೂ 4.8 ಕೋಟಿ ಜನ ಅದೇ ಸ್ಥಿತಿಗೆ ಬೀಳುತ್ತಾರೆ ಎಂದೂ ಅದು ಅಂದಾಜಿಸಿತು. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದು. ‘ಉಚಿತ ಚಿಕಿತ್ಸೆ’ ಎಂದು ಘೋಷಿಸಿ ಕೈತೊಳೆದುಕೊಳ್ಳುವ ಯಾವ ಸರ್ಕಾರವೂ ಓದಬೇಕಾದ ಸಾಲು ಅದು.

ಹೀಗಿದ್ದೂ ಟ್ರ್ಯಾಕ್ಷನ್ ಏಕೆ ಉಳಿದಿದೆ? ವೈದ್ಯರ ಅಜ್ಞಾನದಿಂದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಸಾಮಾನ್ಯವಾಗಿ ರಾಡ್ ಹಾಕಲು ಸಿ-ಆರ್ಮ್ ಎಂಬ ಯಂತ್ರ ಬೇಕು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಮೂಳೆಯ ಚಿತ್ರವನ್ನು ಪರದೆಯ ಮೇಲೆ ತೋರಿಸುವ ಈ ಎಕ್ಸ್‌ರೇ ಯಂತ್ರ ದುಬಾರಿ, ವಿದ್ಯುತ್ ಏರಿಳಿತಕ್ಕೆ ಬೇಗ ಕೆಡುತ್ತದೆ, ಕೆಟ್ಟರೆ ರಿಪೇರಿಗೆ ಎಂಜಿನಿಯರ್ ಬೇರೆ ದೇಶದಿಂದ ಬರಬೇಕು. ಮೂಳೆಯ ಒಳಗನ್ನು ಕೊರೆಯಲು ವಿದ್ಯುತ್ ಡ್ರಿಲ್ ಬೇಕು. ಅರಿವಳಿಕೆ ಕೊಡುವವರು ಬೇಕು. ಜಿಲ್ಲಾ ಆಸ್ಪತ್ರೆಯ ಒಂದೋ ಎರಡೋ ಥಿಯೇಟರಿನಲ್ಲಿ ಸಿಸೇರಿಯನ್ ಹೆರಿಗೆಗಳು ಸಾಲಾಗಿ ನಿಂತಿರುವಾಗ ಮುರಿದ ತೊಡೆ ಕಾಯಲಿ ಎಂದು ನಿರ್ಧರಿಸುವುದು ಸರಿಯೂ ಹೌದು. ಆದರೆ ಹೆರಿಗೆಗಳು ನಿಲ್ಲುವುದಿಲ್ಲವಾದ್ದರಿಂದ ತೊಡೆ ಕಾಯುತ್ತಲೇ ಇರುತ್ತದೆ. ಇನ್ನು ಶುಚಿತ್ವ ಕಾಪಾಡಲಾಗದ ಥಿಯೇಟರಿನಲ್ಲಿ ರಾಡ್ ಹಾಕಿ ಮೂಳೆಗೆ ಸೋಂಕು ತಗಲಿಸಿದರೆ ಅದು ಸೊಟ್ಟ ಕಾಲಿಗಿಂತ ದೊಡ್ಡ ದುರಂತ. ವರ್ಷಗಟ್ಟಲೆ ಕೀವು ಸುರಿಸುವ ಮೂಳೆಯನ್ನು ಗುಣಪಡಿಸುವುದು ಶ್ರೀಮಂತ ದೇಶಗಳಿಗೂ ಸುಲಭವಲ್ಲ. ಹಾಗಾಗಿ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ನಾಳೆಯೇ ರಾಡ್ ಕಳುಹಿಸಿ ಎಂಬ ಸಲಹೆ ಅಪಾಯಕಾರಿ.

ಈ ಅಡ್ಡಿಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ಉಪಕರಣ ರೂಪಿಸಿದವರೂ ಇದ್ದಾರೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಸೇನಾ ಶಸ್ತ್ರವೈದ್ಯರಾಗಿದ್ದ ಅಮೆರಿಕದ ಲೂಯಿಸ್ ಜರ್ಕಲ್ 1999ರಲ್ಲಿ ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡ್ ಎಂಬ ಊರಿನಲ್ಲಿ ಸೈನ್ ಎಂಬ ಸಂಸ್ಥೆ ಕಟ್ಟಿದರು. ಬಡ ದೇಶಗಳ ವೈದ್ಯರಿಗೆ ತರಬೇತಿ ಕೊಟ್ಟು ಕಳುಹಿಸಿದರೂ ಅವರ ಕೈಗೆ ಉಪಕರಣವಿಲ್ಲದಿದ್ದರೆ ಕಲಿತ ವಿದ್ಯೆ ವ್ಯರ್ಥ ಎಂಬುದು ಅವರು ಅನುಭವದಿಂದ ಕಂಡುಕೊಂಡದ್ದು. ಅವರು ರೂಪಿಸಿದ ರಾಡ್ ಟೊಳ್ಳಲ್ಲ, ಗಟ್ಟಿ. ಟೊಳ್ಳು ರಾಡನ್ನು ತಂತಿಯ ಮೇಲೆ ಜಾರಿಸಿ ಕೂರಿಸುತ್ತಾರೆ, ತಂತಿ ಎಲ್ಲಿ ಹೋಗುತ್ತಿದೆ ಎಂದು ನೋಡಲು ಸಿ-ಆರ್ಮ್ ಬೇಕು. ಗಟ್ಟಿ ರಾಡಿಗೆ ಆ ಅಗತ್ಯವಿಲ್ಲ. ಮೂಳೆಯೊಳಗನ್ನು ಕೈಯಿಂದಲೇ ತಿರುಗಿಸಿ ಕೊರೆಯಬಹುದು. ಕಣ್ಣಿಗೆ ಕಾಣದ ದೂರದ ತುದಿಯಲ್ಲಿ ಅಡ್ಡ ಸ್ಕ್ರೂ ಹಾಕುವುದೇ ಎಲ್ಲಕ್ಕಿಂತ ಕಷ್ಟದ ಭಾಗ. ಅದಕ್ಕಾಗಿ ರಾಡಿನ ಮೇಲ್ತುದಿಗೆ ಜೋಡಿಸಿದ ತೋಳೊಂದು ಕಾಲಿನ ಹೊರಗೆ ರಾಡಿಗೆ ಸಮಾನಾಂತರವಾಗಿ ಚಾಚಿಕೊಂಡು, ತೂತು ಎಲ್ಲಿದೆ ಎಂದು ತೋರಿಸುತ್ತದೆ. ವೈದ್ಯ ತನ್ನ ಬೆರಳಿನ ಸ್ಪರ್ಶದಿಂದ ಅದನ್ನು ಖಚಿತಪಡಿಸಿಕೊಳ್ಳುತ್ತಾನೆ. ರಾಡುಗಳನ್ನು ಉಚಿತವಾಗಿ ಕೊಡುತ್ತಾರೆ, ಒಂದು ಷರತ್ತಿನ ಮೇಲೆ: ಪ್ರತಿ ಶಸ್ತ್ರಚಿಕಿತ್ಸೆಯ ವಿವರ ಮತ್ತು ಎಕ್ಸ್‌ರೇಯನ್ನು ಸಂಸ್ಥೆಯ ಕಂಪ್ಯೂಟರ್ ದಾಖಲೆಗೆ ಸೇರಿಸಬೇಕು, ಆಗ ಬಳಸಿದಷ್ಟು ರಾಡ್ ಮತ್ತೆ ಬರುತ್ತದೆ. ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳಿಗೆ ಈ ವ್ಯವಸ್ಥೆ ತಲುಪಿದೆ.

ಈ ದಾಖಲೆಯೇ ಒಂದು ಪಾಠವನ್ನೂ ಕಲಿಸಿತು. 46,113 ಶಸ್ತ್ರಚಿಕಿತ್ಸೆಗಳ ವಿವರವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೋಂಕಿನ ಪ್ರಮಾಣ ಒಟ್ಟಾರೆ ನೂರಕ್ಕೆ ಒಂದರಷ್ಟು ಎಂದು ಕಂಡುಬಂತು. ಯಾವ ದೊಡ್ಡ ಆಸ್ಪತ್ರೆಯೂ ಹೆಮ್ಮೆಪಡುವ ಅಂಕಿ. ಆದರೆ ಶಸ್ತ್ರಚಿಕಿತ್ಸೆಯ ನಂತರ ಮರಳಿ ತೋರಿಸಿಕೊಂಡವರು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಹಾಗೆ ಮರಳಿ ಬಂದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ತೊಡೆಮೂಳೆಯ ಸೋಂಕು ಶೇ. 3ರ ಆಸುಪಾಸಿಗೂ ಮೊಣಕಾಲಿನ ಕೆಳಗಿನ ಮೂಳೆಯ ಸೋಂಕು ಶೇ. 7ರ ಹತ್ತಿರಕ್ಕೂ ಏರುತ್ತದೆ. ನಿಜವಾದ ಪ್ರಮಾಣ ಈ ಎರಡರ ನಡುವೆ ಎಲ್ಲೋ ಇದೆ. ಬಸ್ಸಿನ ಖರ್ಚು ಹೊಂದಿಸಲಾಗದೆ ಬಾರದೆ ಉಳಿದವನ ಕಾಲು ಚೆನ್ನಾಗಿಯೇ ಇರಬಹುದು, ಕೀವು ತುಂಬಿಕೊಂಡು ನಾಟಿ ವೈದ್ಯನ ಮನೆಯಲ್ಲೂ ಇರಬಹುದು. ತಮ್ಮ ಯಶಸ್ಸಿನ ಅಂಕಿಯನ್ನು ತಾವೇ ಹೀಗೆ ಒರೆಗೆ ಹಚ್ಚಿದ ಸಂಶೋಧಕರ ಪ್ರಾಮಾಣಿಕತೆ ದೊಡ್ಡದು. ನಮ್ಮಲ್ಲಿ ಉಚಿತ ಶಸ್ತ್ರಚಿಕಿತ್ಸಾ ಶಿಬಿರಗಳ ಫಲಿತಾಂಶ ಹೇಳುವಾಗಲೂ ಈ ಎಚ್ಚರ ಬೇಕಾಗಿದೆ.

ತೊಡೆಮೂಳೆಯ ಕಥೆ ಬೇರೆ, ಅದರ ಕೆಳಗಿನ ಟಿಬಿಯಾದ ಕಥೆ ಬೇರೆ. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಹೋಗುವ ಈ ಮೂಳೆಯ ಮುಂಭಾಗದ ಒಳಮಗ್ಗುಲಿಗೆ ಸ್ನಾಯುವಿನ ಹೊದಿಕೆಯೇ ಇಲ್ಲ, ಚರ್ಮ ನೇರವಾಗಿ ಮೂಳೆಯ ಮೇಲೆ ಕುಳಿತಿದೆ. ಬೆರಳಿಟ್ಟು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಪೆಟ್ಟು ಬಿದ್ದಾಗ ಮುರಿದ ತುದಿ ಚರ್ಮ ಸೀಳಿ ಹೊರಬರುತ್ತದೆ, ರಸ್ತೆಯ ಮಣ್ಣು, ಸಗಣಿ, ಬಟ್ಟೆಯ ಚೂರು ಒಳಸೇರುತ್ತದೆ. ಇದನ್ನು ತೆರೆದ ಮುರಿತ ಎನ್ನುತ್ತಾರೆ. ಲ್ಯಾನ್ಸೆಟ್ ಆಯೋಗ ಒಂದು ಆಸ್ಪತ್ರೆಯ ಒಟ್ಟು ಸಾಮರ್ಥ್ಯವನ್ನು ಅಳೆಯಲು ಮೂರು ಚಿಕಿತ್ಸೆಗಳನ್ನು ಅಳತೆಗೋಲಾಗಿ ಆರಿಸಿತು: ಸಿಸೇರಿಯನ್ ಹೆರಿಗೆ, ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ, ಮತ್ತು ತೆರೆದ ಮುರಿತದ ಚಿಕಿತ್ಸೆ. ಈ ಮೂರನ್ನೂ ಮಾಡಬಲ್ಲ ಆಸ್ಪತ್ರೆ ಎರಡು ಗಂಟೆಯ ದಾರಿಯೊಳಗೆ ಇರಬೇಕು ಎಂಬುದು ಆಯೋಗದ ಗುರಿ. ಬಡ ದೇಶಗಳ ಅನೇಕ ಜಿಲ್ಲಾ ಆಸ್ಪತ್ರೆಗಳು ಮೊದಲ ಎರಡನ್ನು ಹೇಗೋ ನಿಭಾಯಿಸುತ್ತವೆ, ಎಡವುವುದು ಮೂರನೆಯದರಲ್ಲಿ.

ಇದು ವಿಪರ್ಯಾಸ ಎನ್ನಲು ಕಾರಣವಿದೆ. ತೆರೆದ ಮುರಿತದ ಮೊದಲ ಹಂತಕ್ಕೆ ಬೇಕಾದ ವಸ್ತುಗಳು ಎಲ್ಲಕ್ಕಿಂತ ಅಗ್ಗ. ಆದಷ್ಟು ಬೇಗ, ಸಾಧ್ಯವಾದರೆ ಮೊದಲ ಒಂದು ಗಂಟೆಯೊಳಗೆ ಕೊಟ್ಟ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಸೋಂಕಿನ ಅಪಾಯವನ್ನು ಬಹಳವಾಗಿ ತಗ್ಗಿಸುತ್ತದೆ; ಆ್ಯಂಟಿಬಯಾಟಿಕ್ ಕೊಟ್ಟರೆ ಆರಂಭಿಕ ಸೋಂಕು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿದೆ. ಜೊತೆಗೆ ಧನುರ್ವಾಯು ಚುಚ್ಚುಮದ್ದು, ಸತ್ತ ಸ್ನಾಯು ಮತ್ತು ಕೊಳೆಯನ್ನು ಕತ್ತರಿಸಿ ತೆಗೆಯುವುದು, ಲೀಟರುಗಟ್ಟಲೆ ನೀರಿನಿಂದ ತೊಳೆಯುವುದು. ತೊಳೆಯಲು ಒತ್ತಡದ ಯಂತ್ರ ಬೇಕೇ, ಸಾಬೂನಿನ ದ್ರಾವಣ ಬೇಕೇ ಎಂಬ ಪ್ರಶ್ನೆಗೆ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಸುಮಾರು ಎರಡೂವರೆ ಸಾವಿರ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಫ್ಲೋ ಎಂಬ ಅಧ್ಯಯನ ಉತ್ತರಿಸಿತು. ಒತ್ತಡ ಹೆಚ್ಚಿದ್ದರೂ ಕಡಿಮೆಯಿದ್ದರೂ ಫಲಿತಾಂಶ ಒಂದೇ, ಸಾಬೂನಿಗಿಂತ ಬರೀ ಸಲೈನೇ ಮೇಲು. ಎತ್ತರಕ್ಕೆ ತೂಗುಹಾಕಿದ ಸಲೈನ್ ಬಾಟಲಿಯಿಂದ ತನ್ನ ಪಾಡಿಗೆ ಇಳಿಯುವ ಧಾರೆ ಸಾಕು ಎಂದಾಯಿತು. ಬಡ ಆಸ್ಪತ್ರೆಗಳಿಗೆ ವೈದ್ಯಕೀಯ ಸಂಶೋಧನೆ ಕೊಟ್ಟ ಒಳ್ಳೆಯ ಸುದ್ದಿಗಳಲ್ಲಿ ಇದೊಂದು, ಅಷ್ಟಾಗಿ ಪ್ರಚಾರವಾಗದೆ ಉಳಿದ ಸುದ್ದಿಯೂ ಹೌದು.

ಹಾಗಾದರೆ ಎಡವುವುದೆಲ್ಲಿ? ಸಮಯದಲ್ಲಿ. ಹದಿನೆಂಟು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ 31 ಸಾವಿರಕ್ಕೂ ಹೆಚ್ಚು ಮೂಳೆ ಮುರಿತದ ರೋಗಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಪತ್ರೆ ಸೇರುವಲ್ಲಿನ ವಿಳಂಬಕ್ಕೆ ಕಾರಣಗಳನ್ನು ಹುಡುಕಿದಾಗ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ ಪದ್ಧತಿಯೇ ದೊಡ್ಡ ಕಾರಣಗಳಲ್ಲಿ ಒಂದೆಂದು ಕಂಡಿತು. ಮೊದಲ ಆಸ್ಪತ್ರೆ ಚೀಟಿ ಬರೆದು ಎರಡನೆಯದಕ್ಕೆ ಕಳುಹಿಸುತ್ತದೆ, ಅಲ್ಲಿ ಥಿಯೇಟರ್ ಇಲ್ಲದೆ ಮೂರನೆಯದಕ್ಕೆ ಹೋಗಬೇಕಾಗುತ್ತದೆ, ಪ್ರತಿ ಬಾಗಿಲಲ್ಲೂ ಬೆಳಗಾಗುವವರೆಗೆ ಕಾಯುವುದು ಇದ್ದೇ ಇದೆ. ಈ ಓಡಾಟದಲ್ಲಿ ಆ್ಯಂಟಿಬಯಾಟಿಕ್ ಕೊಟ್ಟವರಾರು, ಕೊಟ್ಟರೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಕಳುಹಿಸುವ ಚೀಟಿ ಬರೆಯುವ ಮುನ್ನ ಇಂಜೆಕ್ಷನ್ ಕೊಟ್ಟು, ಗಾಯವನ್ನು ಒಮ್ಮೆ ತೊಳೆದು, ಕಾಲಿಗೆ ದಬ್ಬೆ ಕಟ್ಟಿ ಕಳುಹಿಸುವ ಒಂದೇ ನಿಯಮವನ್ನು ಪಾಲಿಸಿದರೂ ಎಷ್ಟೋ ಕಾಲುಗಳು ಉಳಿಯುತ್ತವೆ ಎಂದು ನನಗೆ ಅನಿಸುತ್ತದೆ. ಇದಕ್ಕೆ ಹೊಸ ಯಂತ್ರವಾಗಲಿ ಹೊಸ ತಜ್ಞರಾಗಲಿ ಬೇಡ.

ತೊಳೆದ ನಂತರ ಮೂಳೆಯನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಹೊರಗಿನಿಂದ ಸರಳುಗಳ ಚೌಕಟ್ಟು ಹಾಕುವುದೇ ಕ್ಷೇಮ, ಕೊಳಕಾದ ಗಾಯದೊಳಗೆ ರಾಡ್ ಹಾಕಬಾರದು ಎಂದು ಬಹುಕಾಲ ನಂಬಲಾಗಿತ್ತು. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿರುವ ಮುಹಿಂಬಿಲಿ ಮೂಳೆ ಚಿಕಿತ್ಸಾ ಸಂಸ್ಥೆಯಲ್ಲಿ ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ, 2020ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಪರೀಕ್ಷಿಸಿತು. ಒಂದು ವರ್ಷದ ಹೊತ್ತಿಗೆ ಸಾವು ಮತ್ತು ಮರುಶಸ್ತ್ರಚಿಕಿತ್ಸೆಯ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆರಂಭದ ವಾರಗಳ ಜೀವನದ ಗುಣಮಟ್ಟದಲ್ಲಿಯೂ ಮೂಳೆಯ ನೇರತನದಲ್ಲಿಯೂ ರಾಡ್ ಹಾಕಿಸಿಕೊಂಡವರು ಮುಂದಿದ್ದರು. ಈ ಪ್ರಯೋಗದಲ್ಲಿ ಹತ್ತರಲ್ಲಿ ಒಂಬತ್ತು ರೋಗಿಗಳು ವರ್ಷ ಕಳೆದರೂ ವೈದ್ಯರ ಸಂಪರ್ಕದಲ್ಲಿದ್ದರು ಎಂಬುದು ಫಲಿತಾಂಶದಷ್ಟೇ ಗಮನಾರ್ಹ. ಬಡ ದೇಶದ ರೋಗಿಗಳು ಮರಳಿ ಬರುವುದಿಲ್ಲ ಎಂಬ ಮಾತು ವಿಧಿನಿಯಮವಲ್ಲ ಎಂದಾಯಿತು.

ಚರ್ಮವೂ ಸ್ನಾಯುವೂ ಹೋಗಿ ಮೂಳೆ ಬರಿದಾಗಿ ಕಾಣುವ ಗಾಯಕ್ಕೆ ಮಾತ್ರ ರಾಡ್ ಸಾಲದು. ಅಕ್ಕಪಕ್ಕದ ಸ್ನಾಯುವನ್ನು ರಕ್ತನಾಳ ಸಮೇತ ತಿರುಗಿಸಿ ಮೂಳೆಯ ಮೇಲೆ ಹೊದಿಸಬೇಕು. ಪ್ಲಾಸ್ಟಿಕ್ ಸರ್ಜನ್ನರು ಬೆರಳೆಣಿಕೆಯಷ್ಟಿರುವ ದೇಶಗಳಲ್ಲಿ ಮೂಳೆ ವೈದ್ಯರೇ ಇದನ್ನು ಕಲಿಯಬೇಕಾಗಿದೆ, ಕೆಲವರು ಕಲಿಯುತ್ತಲೂ ಇದ್ದಾರೆ. ಕಾಲು ಉಳಿಸಬೇಕೇ ತೆಗೆಯಬೇಕೇ ಎಂದು ತೀರ್ಮಾನಿಸಲು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು ರೂಪಿಸಿದ ಅಂಕಪದ್ಧತಿ ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ: ಚರ್ಮ, ಮೂಳೆ, ಸ್ನಾಯುಗಳ ಹಾನಿಗೆ ಪ್ರತ್ಯೇಕ ಅಂಕ ಕೊಟ್ಟು, ಒಟ್ಟು 14ರವರೆಗಿದ್ದರೆ ಉಳಿಸು, 17 ಅಥವಾ ಮೇಲಿದ್ದರೆ ತೆಗೆಯುವ ಬಗ್ಗೆ ಯೋಚಿಸು, ನಡುವಿನದಾದರೆ ಅನುಭವಿ ವೈದ್ಯನ ವಿವೇಚನೆಗೆ ಬಿಡು ಎನ್ನುತ್ತದೆ ಅದು. ತೆಗೆಯುವ ತೀರ್ಮಾನ ಬಡ ದೇಶದಲ್ಲಿ ಇನ್ನಷ್ಟು ಭಾರವಾದದ್ದು, ಏಕೆಂದರೆ ಕೃತಕ ಕಾಲು ಸಿಗುವ ಖಾತ್ರಿಯಿಲ್ಲ. ಈ ಕ್ಷೇತ್ರದಲ್ಲಿ ಭಾರತಕ್ಕೆ ಹೇಳಿಕೊಳ್ಳಲು ಜೈಪುರ ಕಾಲಿದೆ. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಠಿ 1968ರಲ್ಲಿ ರೂಪಿಸಿದ, ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಿನಲ್ಲಿ ಕೂರಲು ಬರುವ ಈ ಕಾಲನ್ನು ಅಳವಡಿಸುವ ಶಿಬಿರಗಳು ಆಫ್ರಿಕಾದ ಹಲವು ದೇಶಗಳಲ್ಲಿ ನಡೆದಿವೆ.

ಆಸ್ಪತ್ರೆಯ ಮಾತಾಡುವಾಗ ಅಲ್ಲಿಗೆ ಬಾರದವರನ್ನು ಮರೆಯುವಂತಿಲ್ಲ. ನೈಜೀರಿಯ, ಇಥಿಯೋಪಿಯ, ಘಾನಾದಂಥ ದೇಶಗಳಲ್ಲಿ ಕಾಲು ಮುರಿದವರಲ್ಲಿ ಬಹಳಷ್ಟು ಜನ ಮೊದಲು ಹೋಗುವುದು ಮೂಳೆ ಕಟ್ಟುವ ನಾಟಿ ವೈದ್ಯರ ಬಳಿಗೆ. ಗಡಿಯಾಚೆಯ ಆಂಧ್ರದ ಪುತ್ತೂರು ಕಟ್ಟಿಗೆ ಬೆಂಗಳೂರಿನಿಂದಲೂ ಜನ ಸಾಲುಗಟ್ಟಿ ಹೋಗುವ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಆತ ಹತ್ತಿರದವನು, ಕಡಿಮೆ ಹಣ ಕೇಳುತ್ತಾನೆ, ಕಂತಿನಲ್ಲಿ ಕೊಡಬಹುದು, ಕಾಲು ಕತ್ತರಿಸುತ್ತೇನೆಂದು ಹೆದರಿಸುವುದಿಲ್ಲ. ಸರಳ ಮುರಿತಗಳು ಅವನ ಕೈಯಲ್ಲಿ ಕೂಡಿಕೊಳ್ಳುವುದೂ ಉಂಟು. ಅಪಾಯವಿರುವುದು ಬಿದಿರಿನ ದಬ್ಬೆಯನ್ನು ಬಿಗಿಯಾಗಿ ಕಟ್ಟಿ, ಊತ ಬಂದರೂ ಸಡಿಲಿಸದೆ ಬಿಟ್ಟಾಗ. ರಕ್ತ ಹರಿಯದೆ ಕಾಲು ಕೊಳೆತು, ಕೂಡಬಹುದಾಗಿದ್ದ ಮೂಳೆಯ ಜೊತೆ ಇಡೀ ಕಾಲೇ ಹೋಗುತ್ತದೆ. ಇಥಿಯೋಪಿಯದ ಶಸ್ತ್ರವೈದ್ಯರೊಬ್ಬರು ಇಂಥವರನ್ನು ಬೈಯುವ ಬದಲು ಕರೆದು ಕೂರಿಸಿ ಒಂದು ದಿನದ ತರಬೇತಿ ಕೊಟ್ಟರು: ಎಷ್ಟು ಬಿಗಿ ಅತಿಯಾಯಿತು, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಏನು ಮಾಡಬೇಕು, ಯಾರನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸಬೇಕು ಎಂದು. 2005ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಬಿಗಿ ಕಟ್ಟಿನಿಂದಾಗಿ ಆ ಆಸ್ಪತ್ರೆಯಲ್ಲಿ ಕೈಕಾಲು ಕತ್ತರಿಸಬೇಕಾಗುತ್ತಿದ್ದ ಪ್ರಸಂಗಗಳು ತರಬೇತಿಯ ನಂತರ ಗಣನೀಯವಾಗಿ ಇಳಿದವು. ಕಾನೂನಿನಿಂದ ನಿಷೇಧಿಸಿ ಇಂಥ ಫಲ ಪಡೆದ ಸರ್ಕಾರ ನನಗೆ ತಿಳಿದಂತೆ ಇಲ್ಲ.

ಮಲಾವಿಯೂ ಇದೇ ಬಗೆಯ ವಾಸ್ತವಬುದ್ಧಿಯನ್ನು 1985ರಲ್ಲೇ ತೋರಿತ್ತು. ಮೂಳೆ ತಜ್ಞರು ಇಡೀ ದೇಶಕ್ಕೆ ಒಬ್ಬಿಬ್ಬರಷ್ಟೇ ಇದ್ದ ಆ ಕಾಲದಲ್ಲಿ, ಎಂಬಿಬಿಎಸ್ ಮಾಡಿರದ ಕ್ಲಿನಿಕಲ್ ಅಧಿಕಾರಿಗಳಿಗೆ ಮೂಳೆ ಚಿಕಿತ್ಸೆಯಲ್ಲೇ ವಿಶೇಷ ತರಬೇತಿ ಕೊಟ್ಟು ಜಿಲ್ಲಾ ಆಸ್ಪತ್ರೆಗಳಿಗೆ ಕಳುಹಿಸುವ ಯೋಜನೆ ಆರಂಭವಾಯಿತು. ದೇಶದ ಬಹುಪಾಲು ಮೂಳೆ ಮುರಿತಗಳನ್ನು ಇಂದಿಗೂ ನೋಡಿಕೊಳ್ಳುವವರು ಅವರೇ. ಸರಿಸಿ ಕೂರಿಸುತ್ತಾರೆ, ಪ್ಲಾಸ್ಟರ್ ಹಾಕುತ್ತಾರೆ, ಗಾಯ ತೊಳೆಯುತ್ತಾರೆ, ಟ್ರ್ಯಾಕ್ಷನ್ ಕಟ್ಟುತ್ತಾರೆ. ತೊಡೆಮೂಳೆಗೆ ರಾಡ್ ಹಾಕುವುದು ಅವರ ಕೆಲಸವಲ್ಲ, ಹಾಗಾಗಬೇಕೆಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಯಾವ ರೋಗಿಯನ್ನು ಆ ದಿನವೇ ಕೇಂದ್ರ ಆಸ್ಪತ್ರೆಗೆ ಸಾಗಿಸಬೇಕು, ಯಾರಿಗೆ ಪ್ಲಾಸ್ಟರ್ ಸಾಕು ಎಂದು ಆರಿಸುವುದು ಅವರ ಕೈಯಲ್ಲಿದೆ. ಸಾಗಿಸಲು ಆಂಬುಲೆನ್ಸಿಗೆ ಡೀಸೆಲ್ ಇರಬೇಕು, ಅತ್ತ ಥಿಯೇಟರಿನಲ್ಲಿ ಮೂಳೆ ರೋಗಿಗಳಿಗೆಂದೇ ಮೀಸಲಾದ ದಿನಗಳಿರಬೇಕು. ಲಿಲಾಂಗ್ವೆಯಲ್ಲಿ ಮೂಳೆ ಮತ್ತು ನರ ಶಸ್ತ್ರಚಿಕಿತ್ಸೆಗೆಂದೇ ನಾರ್ವೆಯ ನೆರವಿನಿಂದ ಎದ್ದ ಪ್ರತ್ಯೇಕ ಸಂಸ್ಥೆ ಈ ಎರಡನೆಯ ಕೊರತೆಗೆ ಕೊಟ್ಟ ಉತ್ತರ. ಮೊದಲನೆಯ ಕೊರತೆಗೆ ಜಿಲ್ಲೆಗಳ ಬಜೆಟ್ಟೇ ಉತ್ತರಿಸಬೇಕು.

ಕೊನೆಗೆ ಉಳಿಯುವುದು ಹಣ ಯಾರದು ಎಂಬ ಪ್ರಶ್ನೆ. ಕರ್ನಾಟಕದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ 2016ರಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಘೋಷಿಸಿತು. ಕೇಂದ್ರ ಸರ್ಕಾರ 2025ರಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಯೋಜನೆಯನ್ನು ಅಧಿಸೂಚಿಸಿತು. ಮೊದಲ ಗಂಟೆಗಳ ಖರ್ಚನ್ನು ಸಾರ್ವಜನಿಕ ಹಣವೇ ಹೊರಬೇಕು ಎಂಬ ತತ್ತ್ವ ಇವೆರಡರಲ್ಲೂ ಇದೆ, ಕಾಲಿನ ಗಾಯದ ಮಟ್ಟಿಗೆ ಅದು ಸರಿಯಾದ ಜಾಗಕ್ಕೇ ಹಣ ಹಾಕಿದಂತೆ. ಮಲಾವಿ, ತಾಂಜಾನಿಯಾಗಳಂಥ ದೇಶಗಳಲ್ಲಿ ರಾಡಿನ ಹಣ ಇಂದಿಗೂ ಬಹುಪಾಲು ದಾನಿಗಳದ್ದು ಅಥವಾ ರೋಗಿಯದ್ದು. ದಾನದ ರಾಡ್ ಬರುತ್ತಿರುವವರೆಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ, ನಿಂತ ವಾರ ಟ್ರ್ಯಾಕ್ಷನ್ ಮತ್ತೆ ಬರುತ್ತದೆ. ಅಲ್ಲಿನ ಆರೋಗ್ಯ ಇಲಾಖೆಗಳು ಮಲೇರಿಯಾ ಮಾತ್ರೆಯನ್ನೂ ಲಸಿಕೆಯನ್ನೂ ವರ್ಷದ ಅಂದಾಜಿಗೆ ಸೇರಿಸುವ ಹಾಗೆ, ಇಷ್ಟು ತೊಡೆಮೂಳೆಗಳು ಈ ವರ್ಷ ಮುರಿಯುತ್ತವೆ ಎಂದು ಲೆಕ್ಕ ಹಾಕಿ ರಾಡುಗಳನ್ನು ಖರೀದಿ ಪಟ್ಟಿಗೆ ಸೇರಿಸಲು ಬೇಕಾದ ಅಂಕಿಅಂಶ ಈಗ ಸಾಕಷ್ಟಿದೆ. ಆ ಅಂದಾಜನ್ನು ಮಾಡುವಾಗ ರಾಡಿನ ಬೆಲೆಯ ಎದುರು ಎರಡು ತಿಂಗಳ ಮಂಚದ ಬೆಲೆಯನ್ನೂ ಬರೆದರೆ, ಹಣಕಾಸು ಇಲಾಖೆಯ ಅಧಿಕಾರಿಯನ್ನು ಒಪ್ಪಿಸಲು ದಯೆಯ ಮಾತು ಬೇಕಾಗುವುದಿಲ್ಲ.